ಗಾಲಿಯ ಮೇಲಿನ ಮನೆಗೆ ಕಾವಲು

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ರೈಲಿನಲ್ಲಿ ಪಯಣಿಸುವವರಿಗೆ ಅರಸೀಕೆರೆ ಎಂದರೆ ಅರೆನಿದ್ದೆಯಲ್ಲಿ ಕಿವಿಗೆ ಬೀಳುವ ಕಾಫಿಯ ಕೂಗು. ಹಾಸನದ ಕಡೆಗೆ ಹೋಗುವವರಿಗೆ ಗಂಟುಮೂಟೆಗಳೊಡನೆ ಇಳಿದು ಬೇರೆ ಗಾಡಿಗಾಗಿ ಕಾಯುವ ಜಂಕ್ಷನ್. ಊರೊಳಕ್ಕೆ ಕಾಲಿಟ್ಟು, ಕೊಬ್ಬರಿ ಮಂಡಿಗಳ ಗದ್ದಲವನ್ನು ದಾಟಿ, 1220ರಲ್ಲಿ ಕಟ್ಟಿದ ಈಶ್ವರ ದೇವಾಲಯದ ಮುಂದೆ ನಿಂತವರು ಕಡಿಮೆ. ಅರಸಿಯ ಕೆರೆಯೇ ಅರಸೀಕೆರೆಯಾದ ಈ ಊರಿನಲ್ಲಿ ನಕ್ಷತ್ರಾಕಾರದ ತೆರೆದ ಮಂಟಪವೊಂದು ಎಂಟುನೂರು ವರ್ಷಗಳಿಂದ ಬೆಳಗಿನ ಬಿಸಿಲನ್ನು ಮೂಲೆಮೂಲೆಗೂ ಹಂಚುತ್ತ ನಿಂತಿದೆ.

ಈ ಮಂಟಪದ ಮುಂದೆ ಒಂದು ಮುಂಜಾನೆ ಬಂದಿಳಿದ ಬೆಂಗಳೂರಿನ ಒಂದು ಸಂಸಾರವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗ, ಎಪ್ಪತ್ತು ದಾಟಿದ ಅಜ್ಜಿ, ಐವತ್ತರ ಮೇಲಿನ ಒಬ್ಬ ಚಾಲಕ. ಅವರು ಬಂದದ್ದು ರೈಲಿನಲ್ಲಲ್ಲ, ಬಸ್ಸಿನಲ್ಲೂ ಅಲ್ಲ. ಈಚಿನ ವರ್ಷಗಳಲ್ಲಿ ನಮ್ಮ ರಸ್ತೆಗಳಲ್ಲಿಯೂ ಕಾಣತೊಡಗಿರುವ ಕ್ಯಾಂಪರ್ ವ್ಯಾನಿನಲ್ಲಿ. ಒಳಗೆ ಮಡಿಸುವ ಮಂಚ, ಪುಟ್ಟ ಒಲೆ, ನೀರಿನ ಟ್ಯಾಂಕು, ದೀಪಕ್ಕೂ ಫ್ರಿಜ್ಜಿಗೂ ಬೇರೆಯೇ ಒಂದು ಬ್ಯಾಟರಿ. ಹಿಂದೆ ಜಾತ್ರೆಗೆ ಹೋಗುವವರು ಕಮಾನು ಗಾಡಿಯಲ್ಲಿ ಅಕ್ಕಿ, ಬೇಳೆ, ಚಾಪೆಗಳನ್ನು ಹೇರಿಕೊಂಡು ಹೊರಡುತ್ತಿದ್ದುದನ್ನು ಕಂಡಿದ್ದ ಅಜ್ಜಿ ಅದಕ್ಕೆ ‘ಮನೆಗಾಡಿ’ ಎಂದೇ ಹೆಸರಿಟ್ಟಿದ್ದರು.

ಮನೆಗೆ ಕಳ್ಳರ ಭಯವಿದ್ದರೆ ಬಾಗಿಲಿಗೆ ಬೀಗ ಹಾಕಬಹುದು. ಮನೆಯೇ ಗಾಲಿಯ ಮೇಲಿದ್ದರೆ ಕಳ್ಳನು ಬೀಗವನ್ನೂ ಜೊತೆಗೇ ಒಯ್ಯುತ್ತಾನೆ! ಯಜಮಾನರ ಚಿಂತೆ ಅದೇ ಆಗಿತ್ತು. ಆದುದರಿಂದ ಹೊರಡುವ ಮುನ್ನ ಬೆಂಕಿಪೊಟ್ಟಣದಷ್ಟು ದೊಡ್ಡ ಜಿ.ಪಿ.ಎಸ್. ಸಾಧನವೊಂದನ್ನು ಹಿಂದಿನ ಆಸನದ ಕೆಳಗೆ, ತಗಡಿನ ಪೆಟ್ಟಿಗೆಯೊಳಗೆ ಗುಟ್ಟಾಗಿ ಅಡಗಿಸಿದ್ದರು. ಹೆಂಡತಿಗೆ ಮಾತ್ರ ಹೇಳಿದ್ದರು. ಚಾಲಕನಿಗೆ ಹೇಳಿರಲಿಲ್ಲ.

“ಅಪ್ಪಾ, ಆಕಾಶದ ಉಪಗ್ರಹ ನಮ್ಮ ಗಾಡಿಯನ್ನು ನೋಡುತ್ತಿರುತ್ತದೆಯೆ?” ಎಂದು ಮಗನು ಮಂಟಪದ ಮೆಟ್ಟಿಲ ಮೇಲೆ ಕುಳಿತು ಕೇಳಿದನು. ಅಪ್ಪನ ಮೊಬೈಲಿನ ನಕ್ಷೆಯಲ್ಲಿ ನೀಲಿಯ ಚುಕ್ಕೆಯೊಂದು ಮಿನುಗುತ್ತಿದ್ದುದನ್ನು ಅವನು ಕದ್ದು ನೋಡಿದ್ದನು.

ಬಹುಮಂದಿ ದೊಡ್ಡವರೂ ಹೀಗೆಯೇ ತಿಳಿದಿದ್ದಾರೆ. ನಿಜವಾಗಿ ಆ ಉಪಗ್ರಹಗಳಿಗೆ ಕಣ್ಣಿಲ್ಲ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಅವು ಒಂದೇ ಒಂದು ಮಾತನ್ನು ಸಾರುತ್ತಿರುತ್ತವೆ: ‘ನಾನು ಇಂಥವನು, ಇಂಥಲ್ಲಿದ್ದೇನೆ, ಈಗ ಇಷ್ಟು ಗಂಟೆ.’ ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಸಿಡಿಲು ಎಷ್ಟು ದೂರದಲ್ಲಿ ಬಿತ್ತೆಂದು ರೈತರು ಅಂದಾಜು ಮಾಡುವರಷ್ಟೆ. ವ್ಯಾನಿನೊಳಗಿನ ಸಾಧನವೂ ಮಾಡುವುದು ಅದನ್ನೇ. ಸಂಕೇತವು ಹೊರಟ ಹೊತ್ತಿಗೂ ಬಂದು ಮುಟ್ಟಿದ ಹೊತ್ತಿಗೂ ಇರುವ ಅಂತರದಿಂದ ಪ್ರತಿಯೊಂದು ಉಪಗ್ರಹದ ದೂರವನ್ನು ಲೆಕ್ಕಹಾಕುತ್ತದೆ. ಮೂರು ದೂರಗಳಿಂದ ಸ್ಥಳ ತಿಳಿಯುತ್ತದೆ. ತನ್ನ ಸ್ವಂತ ಗಡಿಯಾರದ ತಪ್ಪನ್ನು ತಿದ್ದಿಕೊಳ್ಳಲು ನಾಲ್ಕನೆಯದು ಬೇಕು. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ ಬಿದ್ದುಹೋಗುತ್ತದೆ.

ಈ ವಿದ್ಯೆಗೂ ಈ ಸೀಮೆಗೂ ನಂಟಿದೆ. ಅರಸೀಕೆರೆಯಿಂದ ನಲವತ್ತು ಕಿಲೋಮೀಟರಿನಷ್ಟು ದೂರದ ಹಾಸನದಲ್ಲಿ 1982ರಲ್ಲಿ ಆರಂಭವಾದ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವಿದೆ. ಭಾರತದ ಸ್ವಂತ ಪಥದರ್ಶಕ ಉಪಗ್ರಹಗಳಲ್ಲಿ ಮೊದಲನೆಯದು 2013ರ ಜುಲೈ 1ರಂದು ಗಗನಕ್ಕೇರಿದಾಗ ಅದರ ಹಗ್ಗವನ್ನು ಹಿಡಿದದ್ದು ಈ ಕೇಂದ್ರವೇ. 2016ರಲ್ಲಿ ಈ ಉಪಗ್ರಹಗಳ ಬಳಗಕ್ಕೆ ‘ನಾವಿಕ್’ ಎಂಬ ಹೆಸರು ಬಂತು. ಮೊದಲನೆಯ ಉಪಗ್ರಹದಲ್ಲಿದ್ದ ಮೂರು ಪರಮಾಣು ಗಡಿಯಾರಗಳೂ ಕೆಲವೇ ವರ್ಷಗಳಲ್ಲಿ ನಿಂತುಹೋದವು. ಗಡಿಯಾರ ನಿಂತ ಮೇಲೆ ಅದು ಆಕಾಶದಲ್ಲಿದ್ದೂ ದಾರಿ ತೋರಲಾರದಾಯಿತು. ಭಾರತದಲ್ಲಿಯೇ ಸಿದ್ಧವಾದ ಪರಮಾಣು ಗಡಿಯಾರವನ್ನು ಹೊತ್ತ ಉಪಗ್ರಹವು ಹಾರಿದ್ದು 2023ರ ಮೇ 29ರಂದು.

ಉಪಗ್ರಹದ ಮಾತನ್ನು ಕೇಳಿಸಿಕೊಂಡ ಮಾತ್ರಕ್ಕೆ ಕಾವಲು ಮುಗಿಯಲಿಲ್ಲ. ತಾನಿರುವ ಸ್ಥಳವನ್ನು ಯಜಮಾನರಿಗೆ ತಿಳಿಸಲು ಸಾಧನದೊಳಗೆ ಮೊಬೈಲಿನ ಸಿಮ್ ಇರಬೇಕು. ಅದಕ್ಕೆ ಹಣ ಕಟ್ಟಿರಬೇಕು. ದಾರಿಯಲ್ಲಿ ಸಿಗ್ನಲ್ ದೊರೆಯಬೇಕು. ಸಿಗ್ನಲ್ ಇಲ್ಲದೆಡೆ ಒಳ್ಳೆಯ ಸಾಧನವು ವಿವರಗಳನ್ನು ಕೂಡಿಟ್ಟುಕೊಂಡು ಆಮೇಲೆ ಕಳುಹಿಸುತ್ತದೆ. ಬಸ್ಸು, ಟ್ಯಾಕ್ಸಿ ಮೊದಲಾದ ಸಾರ್ವಜನಿಕ ವಾಹನಗಳಲ್ಲಿ 2019ರ ಜನವರಿ 1ರಿಂದ ನೋಂದಣಿಯಾದ ಹೊಸವುಗಳಿಗೆ ಇಂಥ ಸ್ಥಳಸೂಚಕವೂ ಅಪಾಯದ ಗುಂಡಿಯೂ ಇರಬೇಕೆಂದು ಕೇಂದ್ರದ ನಿಯಮವಿದೆ. ಸ್ವಂತ ವಾಹನವುಳ್ಳವರಿಗೆ ಆ ಕಟ್ಟಳೆಯಿಲ್ಲ. ತಮ್ಮ ಮನೆಗಾಡಿಯ ಕಾವಲನ್ನು ಅವರೇ ನೋಡಿಕೊಳ್ಳಬೇಕು.

ಬಾಣಾವರ, ಜಾವಗಲ್ಲುಗಳ ಮೇಲೆ ಹಳೇಬೀಡಿಗೆ ಹೋಗುವ ಹಾದಿ ತೆಂಗು, ರಾಗಿ, ಕೆರೆಯ ಏರಿಗಳ ಹಾದಿ. ಈ ಸೀಮೆಯ ಹಳ್ಳಿಗಳಲ್ಲಿ ಗುಡಿಯ ಪಕ್ಕದಲ್ಲೋ ಕೆರೆಯ ದಂಡೆಯಲ್ಲೋ ವೀರಗಲ್ಲುಗಳು ನಿಂತಿರುತ್ತವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಒಯ್ಯುವ ನೋಟ, ಮೇಲೆ ಶಿವಸಾನ್ನಿಧ್ಯ. ಇಂಥ ಕಲ್ಲುಗಳಲ್ಲಿ ಎಷ್ಟೋ ತುರುಗೋಳಿನ ನೆನಪಿಗೆ ನಿಂತವು, ಎಂದರೆ ಊರಿನ ದನಗಳನ್ನು ಹೊಡೆದುಕೊಂಡು ಹೋದವರನ್ನು ಬೆನ್ನಟ್ಟಿ ಮಡಿದವರವು. ಕಾಲಿದ್ದ ಸಂಪತ್ತು ಅಂದೂ ಕಳ್ಳರ ಕಣ್ಣಿಗೆ ಬೀಳುತ್ತಿತ್ತು. ಅದನ್ನು ಮರಳಿ ತರಲು ಒಂದು ಜೀವವೇ ಹೋಗುತ್ತಿತ್ತು. ಇಂದಿನವರಿಗೆ ಆ ಸಾಹಸ ಸಲ್ಲದು. ಕಳುವಾದ ವಾಹನ ನಕ್ಷೆಯಲ್ಲಿ ಕಂಡರೂ ತಾವೇ ಬೆನ್ನಟ್ಟದೆ 112ಕ್ಕೆ ಕರೆ ಮಾಡಿ, ಅದು ಕಂಡ ಸ್ಥಳವನ್ನೂ ನೋಂದಣಿ ಸಂಖ್ಯೆಯನ್ನೂ ಪೊಲೀಸರಿಗೆ ತಿಳಿಸುವುದೇ ವಿವೇಕ.

ಹಳೇಬೀಡು ತಲುಪಿದಾಗ ಹನ್ನೊಂದು ಗಂಟೆ. ಇದೇ ಹಿಂದಿನ ದ್ವಾರಸಮುದ್ರ. 1311ರಲ್ಲಿ ಮಲಿಕ್ ಕಾಫೂರನ ದಂಡು ಬಂದು ಹೊಯ್ಸಳರ ಸಿರಿಯನ್ನು ದೋಚಿಕೊಂಡು ಹೋಯಿತು. ಹೋಗಲಾರದೆ ಉಳಿದದ್ದು ಕಲ್ಲು. ಆ ಕಲ್ಲಿನ ಮೇಲೆ ಆನೆ, ಸಿಂಹ, ಕುದುರೆ, ಮಕರ, ಹಂಸಗಳ ಸಾಲು ಇಂದಿಗೂ ಬೆಳೆಯುತ್ತಲೇ ಇರುವಂತೆ ತೋರುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಈ ದೇವಾಲಯಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಯಜಮಾನರು ವ್ಯಾನನ್ನು ನಿಲ್ಲಿಸಿದೆಡೆ ಮೊಬೈಲಿನ ನಕ್ಷೆಯ ಮೇಲೆ ಇನ್ನೂರು ಮೀಟರಿನ ಬೇಲಿಯೊಂದನ್ನು ಹಾಕಿದ್ದರು. ಗಾಡಿ ಆ ಬೇಲಿ ದಾಟಿದರೆ ಗಂಟೆ ಬಾರಿಸಬೇಕು. ಹೊಯ್ಸಳೇಶ್ವರನ ಗುಡಿಯನ್ನು ಸುತ್ತಿ ಎಲ್ಲರೂ ಗರುಡಗಂಬದ ಬಳಿಗೆ ಬಂದಿದ್ದರು. ಎರಡನೆಯ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮನ ಕಂಬವದು. ಅರಸನಿಗೆ ಪ್ರಾಣವನ್ನೇ ಮುಡಿಪಿಟ್ಟಿದ್ದ ಅವನು, 1220ರಲ್ಲಿ ಬಲ್ಲಾಳನು ಕಾಲವಾದಾಗ ತನ್ನ ಪತ್ನಿಯೊಡನೆ, ಸಂಗಡಿಗರೊಡನೆ ಜೀವ ತೆತ್ತನು. ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿರುವ ವೀರರು ಆ ಕಂಬದ ಮೇಲೆ ಮೂಡಿದ್ದಾರೆ. ಮಗನು ಬೆರಗಿನಿಂದ ನೋಡುತ್ತಿದ್ದಂತೆಯೇ ಮೊಬೈಲು ಗಂಟೆ ಬಾರಿಸಿತು.

ನೀಲಿಯ ಚುಕ್ಕೆ ಬೇಲಿ ದಾಟಿ ಬೇಲೂರು ರಸ್ತೆಯ ಕಡೆಗೆ ಸರಿಯುತ್ತಿತ್ತು! ಯಜಮಾನರು ಚಾಲಕನಿಗೆ ಫೋನ್ ಮಾಡಿದರು, ಎತ್ತಲಿಲ್ಲ. ಮತ್ತೆ ಮಾಡಿದರು, ಎತ್ತಲಿಲ್ಲ. ಗಾಡಿ ನಡೆಸುವಾಗ ಫೋನ್ ಎತ್ತಕೂಡದೆಂದು ತಾವೇ ಕಟ್ಟಪ್ಪಣೆ ಮಾಡಿದ್ದುದು ಅವರಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಮುಖ ಬಿಳಿಚಿಕೊಂಡಿತು. “ಹೊಸಬನನ್ನು ನಂಬಿ ಬೀಗದ ಕೈ ಕೊಟ್ಟದ್ದೇ ತಪ್ಪಾಯಿತು” ಎಂದು ಗೊಣಗುತ್ತ ನಿಲುಗಡೆಯ ಬಯಲಿಗೆ ಓಡಿದರು. ಪೊಲೀಸರಿಗೆ ತಿಳಿಸಬೇಕೆಂದು ಮೊಬೈಲಿನ ಮೇಲೆ ಬೆರಳಿಡುವಷ್ಟರಲ್ಲಿ ಚುಕ್ಕೆ ಒಂದೆಡೆ ನಿಂತಿತು. ಹತ್ತು ನಿಮಿಷದ ಮೇಲೆ ಬಂದ ದಾರಿಯಲ್ಲಿಯೇ ಮರಳಿತು. ಹಿಂದೆಯೇ ಮನೆಗಾಡಿಯೂ ಬಂದು ನಿಂತಿತು.

“ಎಲ್ಲಿಗೆ ಹೋಗಿದ್ದಿರಿ? ಗಾಡಿ ಎಲ್ಲೆಲ್ಲಿ ಹೋಗುತ್ತದೆ ಎನ್ನುವುದು ನನಗೆ ಇಲ್ಲಿಂದಲೇ ತಿಳಿಯುತ್ತದೆ!”

ಚಾಲಕನು ಅವರ ಕೈಯಲ್ಲಿದ್ದ ಮೊಬೈಲನ್ನೂ ಮುಖವನ್ನೂ ನೋಡಿದನು. “ನೀರಿನ ಟ್ಯಾಂಕು ಬರಿದಾಗಿತ್ತು ಸಾರ್. ಅಮ್ಮನವರು ಬೆಳಿಗ್ಗೆಯೇ ಹೇಳಿದ್ದರು. ತುಂಬಿಸಿಕೊಂಡು ಬಂದೆ.” ಅಷ್ಟು ಹೇಳಿ ಬೀಗದ ಕೈಯನ್ನು ಆಸನದ ಮೇಲಿಟ್ಟನು. “ನಂಬಿಕೆ ಇಲ್ಲದ ಮೇಲೆ ಇದು ನನ್ನ ಹತ್ತಿರ ಯಾಕೆ ಸಾರ್?”

ಅಷ್ಟು ಹೊತ್ತಿಗೆ ಸೊಸೆಯ ಕೈ ಹಿಡಿದು ನಿಧಾನವಾಗಿ ಬಂದ ಅಜ್ಜಿ, “ನೀರು ತರೋದಕ್ಕೆ ನಾನೇ ಹೇಳಿದ್ದು ಕಣೋ. ನನ್ನನ್ನ ಒಂದು ಮಾತು ಕೇಳಿದ್ದಿದ್ದರೆ ಆಗುತ್ತಿತ್ತು” ಎಂದರು.

ಹಳೇಬೀಡಿನಿಂದ ಬೇಲೂರಿಗೆ ಹದಿನಾರು ಕಿಲೋಮೀಟರ್. ಆ ಹದಿನಾರು ಕಿಲೋಮೀಟರಿನಲ್ಲಿ ಮನೆಗಾಡಿಯೊಳಗೆ ಯಾರೂ ಮಾತನಾಡಲಿಲ್ಲ. ಸಾಧನವು ಸುಳ್ಳು ಹೇಳಿರಲಿಲ್ಲ. ಗಾಡಿ ಎಲ್ಲಿದೆ ಎಂಬುದನ್ನು ಸರಿಯಾಗಿಯೇ ತಿಳಿಸಿತ್ತು. ಏಕೆ ಹೋಯಿತು ಎಂಬುದನ್ನು ತಿಳಿಯಲು ಒಂದು ಮಾತು ಕೇಳಬೇಕಾಗಿತ್ತು. ಅದನ್ನು ಕೇಳುವ ಮೊದಲೇ ಯಜಮಾನರ ಮನಸ್ಸು ತೀರ್ಪು ಕೊಟ್ಟುಬಿಟ್ಟಿತ್ತು.

ಬೇಲೂರಿನ ಚೆನ್ನಕೇಶವ ದೇವಾಲಯವು ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದದ್ದು. ನವರಂಗದ ಕತ್ತಲಿಗೆ ಹೋದೊಡನೆ ಮೊಬೈಲಿನ ಚುಕ್ಕೆ ತಬ್ಬಿಬ್ಬಾಯಿತು. ದಪ್ಪ ಕಲ್ಲಿನ ಚಾವಣಿಯ ಕೆಳಗೆ ಉಪಗ್ರಹದ ದನಿ ಕೇಳಿಸುವುದು ಕಷ್ಟ. ಯಜಮಾನರು ಅದನ್ನು ಜೇಬಿಗೆ ಸೇರಿಸಿ ಹೊರಗೆ ಬಂದು ಮದನಿಕೆಯರನ್ನು ನೋಡತೊಡಗಿದರು. ಇಲ್ಲಿನ ಶಿಲ್ಪಗಳಲ್ಲಿ ಕೆಲವು, ಮಾಡಿದವರ ಹೆಸರನ್ನು ಪಾದದಡಿಯಲ್ಲಿ ಹೊತ್ತಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳು ಒಂಬೈನೂರು ವರ್ಷಗಳಾದರೂ ಅಳಿದಿಲ್ಲ. ಕೆಲಸ ಮಾಡಿದವನ ಹೆಸರನ್ನು ಅಡಗಿಸದೆ ಕಲ್ಲಿನಲ್ಲಿಯೇ ಉಳಿಯಗೊಟ್ಟ ಕಾಲವದು. ತಮ್ಮ ಸಂಸಾರವನ್ನು ನೂರಾರು ಮೈಲಿ ಕ್ಷೇಮವಾಗಿ ಕರೆತಂದವನಿಂದ ತಾವು ಅಡಗಿಸಿಟ್ಟದ್ದೇನು ಎಂಬುದು ಯಜಮಾನರ ಮನಸ್ಸನ್ನು ಚುಚ್ಚಿತು.

ಅಂದು ಸಂಜೆ ಯಗಚಿಯ ಕಡೆಯಿಂದ ತಂಪುಗಾಳಿ ಬೀಸುತ್ತಿದ್ದಾಗ ಅವರು ಚಾಲಕನನ್ನು ಕರೆದು, ಆಸನವನ್ನೆತ್ತಿ, ಸಾಧನವನ್ನು ತೋರಿಸಿದರು. “ಇದನ್ನು ನಿಮಗೆ ಮೊದಲೇ ಹೇಳಬೇಕಾಗಿತ್ತು. ತಪ್ಪು ನನ್ನದು.”

ಚಾಲಕನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಬಳಿಕ ಬಗ್ಗಿ ನೋಡಿ, “ಹೇಳಿದ್ದರೆ ಇಲ್ಲಿ ಇಡೋದಕ್ಕೆ ಬಿಡುತ್ತಿರಲಿಲ್ಲ ಸಾರ್” ಎಂದನು. ತಗಡಿನ ಪೆಟ್ಟಿಗೆಯೊಳಗಿದ್ದರೆ ಅದಕ್ಕೆ ಆಕಾಶ ಕಾಣದು. ಗ್ಯಾರೇಜಿನ ಕೆಲಸ ಬಲ್ಲ ಕಳ್ಳನು ಮೊದಲು ಕೈಯಾಡಿಸುವುದೂ ಆಸನದ ಕೆಳಗೇ. ಎಂಜಿನ್ನಿನ ಬ್ಯಾಟರಿಯಿಂದಲೇ ತಂತಿ ಎಳೆದಿದ್ದರೆ ಆ ಬ್ಯಾಟರಿಯನ್ನು ಕಳಚಿದೊಡನೆ ಸಾಧನವೂ ಕಣ್ಣು ಮುಚ್ಚುತ್ತದೆ. ಚಾಲಕನೇ ಅದನ್ನು ಬಿಚ್ಚಿ, ಅಡುಗೆಯ ಕಪಾಟಿನ ಮೇಲ್ಭಾಗದ ಮರದ ಹಲಗೆಯ ಹಿಂದೆ ಕೂರಿಸಿ, ದೀಪದ ಬ್ಯಾಟರಿಗೆ ಜೋಡಿಸಿದನು. ಸಾಧನದೊಳಗೇ ಇರುವ ಪುಟ್ಟ ಬ್ಯಾಟರಿ ಕೆಲಸ ಮಾಡುತ್ತಿದೆಯೇ ಎಂದು ತಂತಿ ಕಳಚಿ ಪರೀಕ್ಷಿಸಿದನು. ರಾತ್ರಿ ಮಲಗುವ ಮುನ್ನ ಸ್ಟಿಯರಿಂಗಿಗೆ ಕಬ್ಬಿಣದ ಬೀಗವನ್ನೂ ಹಾಕಿದನು; ಏಕೆಂದರೆ ಸ್ಥಳಸೂಚಕವು ಕಳವಾದ ಮೇಲೆ ಕೂಗುವ ಕಾವಲುಗಾರ, ಬೀಗವಾದರೋ ಕಳ್ಳನನ್ನು ಬಾಗಿಲಲ್ಲೇ ತಡೆಯುವವನು. ಒಂದಿದ್ದರೆ ಇನ್ನೊಂದು ಬೇಡವೆನ್ನುವಂತಿಲ್ಲ.

ಯಜಮಾನರು ತಮ್ಮ ಮೊಬೈಲಿನಲ್ಲಿದ್ದ ನಕ್ಷೆಯನ್ನು ಚಾಲಕನ ಮೊಬೈಲಿಗೂ ಹಾಕಿಕೊಟ್ಟರು. ಅಜ್ಜಿ ಬೀಗದ ಕೈಯನ್ನು ತೆಗೆದು ಅವನ ಅಂಗೈಯಲ್ಲಿಟ್ಟು, “ಬೆಳಿಗ್ಗೆ ಬೇಗ ಹೊರಡಬೇಕಪ್ಪಾ, ನೀರು ಇದೆ ತಾನೆ?” ಎಂದರು. “ತುಂಬಿದೆ ಅಮ್ಮಾ” ಎಂದು ಅವನು ನಕ್ಕನು. ಹಳೇಬೀಡಿನಿಂದೀಚೆಗೆ ಅವನು ನಕ್ಕದ್ದು ಅದೇ ಮೊದಲು.

ಮರುದಿನ ಮುಂಜಾನೆ ಚೆನ್ನಕೇಶವನ ಗೋಪುರಕ್ಕೆ ಮೊದಲ ಬಿಸಿಲು ತಗಲುತ್ತಿದ್ದಾಗ ಮನೆಗಾಡಿ ಹಾಸನದ ರಸ್ತೆ ಹಿಡಿಯಿತು. ಬೇಲಿ ದಾಟಿದೊಡನೆ ಎರಡು ಮೊಬೈಲುಗಳೂ ಒಟ್ಟಿಗೆ ಗಂಟೆ ಬಾರಿಸಿದವು. ಯಾರೂ ಬೆಚ್ಚಲಿಲ್ಲ.