ಕಲ್ಲು ಅಲ್ಲೇ ಇರಲಿ

ನಮ್ಮ ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿ ತೆಂಗಿನಕಾಯಿ ಗಾತ್ರದ ಒಂದು ಕಲ್ಲಿದೆ. ಮೈತುಂಬ ಕಪ್ಪು-ಬಿಳಿ ಪಟ್ಟೆಗಳು, ನಡುನಡುವೆ ನಸುಗೆಂಪು. ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಮಾಸ್ತರಿಕೆಗೆ ಸೇರಿದ ಹೊಸದರಲ್ಲಿ ಜಲದುರ್ಗಕ್ಕೆ ಹೋಗಿ, ಸುತ್ತಿಗೆಯಿಂದ ಒಡೆದು ನಾನೇ ತಂದದ್ದು. ಆಗ ಅದು ದೊಡ್ಡ ಸಾಹಸವೆನಿಸಿತ್ತು. ಈಗ ಅದನ್ನು ನೋಡಿದಾಗಲೆಲ್ಲ ತುಸು ನಾಚಿಕೆಯಾಗುತ್ತದೆ. ಏಕೆಂದು ಹೇಳುತ್ತೇನೆ.

ಕಳೆದ ಚಳಿಗಾಲದಲ್ಲಿ ಒಂಬತ್ತನೇ ತರಗತಿಯ ಮಕ್ಕಳೊಂದಿಗೆ ಸಿಂಧನೂರಿನಿಂದ ಮತ್ತೆ ಜಲದುರ್ಗಕ್ಕೆ ಹೊರಟೆ. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಬಸ್ಸು ಹತ್ತುವ ಮೊದಲೇ ಒಂದು ಕಟ್ಟಪ್ಪಣೆ ಮಾಡಿದ್ದೆ: ಸುತ್ತಿಗೆ ತರುವಂತಿಲ್ಲ, ಒಂದು ಹರಳನ್ನೂ ಚೀಲಕ್ಕೆ ಹಾಕುವಂತಿಲ್ಲ. ನೋಟ್‌ಬುಕ್, ಪೆನ್ಸಿಲ್, ಅಳತೆಯ ಟೇಪು, ಭೂತಗನ್ನಡಿ ಇದ್ದರೆ ಸಾಕು.

ದಾರಿಯಲ್ಲೇ ಮಸ್ಕಿ. ಅಶೋಕನ ಶಾಸನವಿರುವ ಬಂಡೆಯನ್ನು ಭಾರತೀಯ ಪುರಾತತ್ವ ಇಲಾಖೆ ಕಾಪಾಡಿಕೊಂಡು ಬಂದಿದೆ. ೧೯೧೫ರಲ್ಲಿ ಇದನ್ನು ಕಂಡವರು ಇತಿಹಾಸಕಾರರಲ್ಲ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದವು. ಆ ದೇವಾನಾಂಪ್ರಿಯನೇ ಅಶೋಕ ಎಂದು ಹೆಸರು ಹೇಳಿದ್ದು ಮಸ್ಕಿಯ ಈ ಬಂಡೆ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಲ್ಲಿ ಯಾರಾದರೂ ಮನೆಯ ಬುನಾದಿಗೆಂದು ಆ ಅಕ್ಷರಗಳನ್ನು ಒಡೆದು ಒಯ್ದಿದ್ದರೆ? ಮಕ್ಕಳು ಸುಮ್ಮನೆ ನಿಂತು ನೋಡಿದರು. “ಜಲದುರ್ಗದ ಬಂಡೆಯೂ ಒಂದು ಶಾಸನವೇ. ಅಕ್ಷರ ಬೇರೆ ಅಷ್ಟೆ” ಎಂದೆ. ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು.

ಲಿಂಗಸುಗೂರು ದಾಟಿ ಕೃಷ್ಣೆಯ ಕಡೆ ಹೋದರೆ ಜಲದುರ್ಗ. ನದಿ ಇಲ್ಲಿ ಕವಲೊಡೆದು ನಡುಗಡ್ಡೆಯನ್ನು ಬಳಸಿ ಹರಿಯುತ್ತದೆ. ಗಡ್ಡೆಯ ಮೇಲೆ ಆದಿಲಶಾಹಿಗಳ ಕಾಲದ ಕೋಟೆ. ಮಳೆಗಾಲದಲ್ಲಿ ಇತ್ತ ಮಕ್ಕಳನ್ನು ಕರೆತರಬಾರದು. ಮೇಲಿನ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಹೊಳೆಯ ರೂಪವೇ ಬೇರೆ. ೨೦೧೯ರ ಆಗಸ್ಟ್ ಪ್ರವಾಹದಲ್ಲಿ ಈ ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯ ಹಳ್ಳಿಗಳ ಸಂಪರ್ಕವೇ ಕಡಿದುಹೋಗಿತ್ತು.

ನದಿ ಕವಲೊಡೆಯುವುದೇಕೆ? ಗಟ್ಟಿ ಬಂಡೆಯಲ್ಲೂ ಬಿರುಕುಗಳಿರುತ್ತವೆ. ನೀರು ಅಲ್ಲಿ ನುಗ್ಗಿ, ಮರಳು-ಕಲ್ಲುಗಳಿಂದ ತಿಕ್ಕಿ ತಿಕ್ಕಿ ದಾರಿ ಅಗಲಿಸಿಕೊಳ್ಳುತ್ತದೆ. ಬಿರುಕು ಕಡಿಮೆಯಿದ್ದ ಭಾಗ ನಡುಗಡ್ಡೆಯಾಗಿ ಉಳಿಯುತ್ತದೆ. ನಮ್ಮ ಸೀಮೆಯ ಈ ಗ್ರಾನೈಟ್ ಮತ್ತು ನೈಸ್ ಶಿಲೆಗಳಿಗೆ ಸುಮಾರು ೨೫೦ ಕೋಟಿ ವರ್ಷ, ಕೆಲವಕ್ಕೆ ಇನ್ನೂ ಹೆಚ್ಚು ವಯಸ್ಸು. ನೈಸ್‌ನ ಪಟ್ಟೆಗಳು ಭೂಮಿಯ ಆಳದ ಶಾಖ ಮತ್ತು ಒತ್ತಡದಲ್ಲಿ ಮೂಡಿದವು: ಬಿಳಿಯದು ಬೆಣಚು, ನಸುಗೆಂಪು ಫೆಲ್ಡ್‌ಸ್ಪಾರ್, ಕಪ್ಪು ಬಹುಮಟ್ಟಿಗೆ ಅಭ್ರಕ. ಪಟ್ಟೆ ಯಾವ ದಿಕ್ಕಿಗೆ ಓಡುತ್ತದೆ, ಎಲ್ಲಿ ಬಾಗುತ್ತದೆ, ಯಾವ ಬೆಣಚಿನ ಎಳೆ ಅದನ್ನು ಕತ್ತರಿಸಿಕೊಂಡು ಹೋಗಿದೆ ಎಂದು ಮಕ್ಕಳು ಚಿತ್ರ ಬರೆದುಕೊಂಡರು. ಕತ್ತರಿಸಿದ ಎಳೆ ಪಟ್ಟೆಗಿಂತ ಕಿರಿಯದು ಎಂಬುದನ್ನು ಒಬ್ಬ ಹುಡುಗಿ ತಾನಾಗಿಯೇ ಕಂಡುಹಿಡಿದಳು. ಇಬ್ಬರು ಸೇರಿ ಬಂಡೆಯೊಳಗಿನ ಒಂದು ದುಂಡು ಗುಳಿಯ ಆಳ ಅಳೆದರು. ಪ್ರವಾಹದ ಸುಳಿಯಲ್ಲಿ ಸಿಕ್ಕ ಗುಂಡುಕಲ್ಲುಗಳು ಗಿರಗಿರನೆ ತಿರುಗಿ ಕೊರೆದ ಒರಳು ಅದು.

ಹೊರಡುವ ಹೊತ್ತಿಗೆ ಒಬ್ಬ ಹುಡುಗನ ಜೇಬು ಉಬ್ಬಿತ್ತು. ಕೇಳಿದೆ. ಅಳುಕುತ್ತ ಒಂದು ಕಲ್ಲು ತೆಗೆದ.

“ಬಂಗಾರ ಐತ್ರಿ ಸರ್ ಇದರಾಗ. ನಮ್ಮವ್ವಗ ತೋರಸ್ಬೇಕಂತ ಇಟ್ಕೊಂಡೀನ್ರಿ.”

ಹಟ್ಟಿ ಚಿನ್ನದ ಗಣಿ ಇದೇ ತಾಲ್ಲೂಕಿನದು. ಹುಡುಗ ಹಾಗೆಂದುಕೊಂಡದ್ದು ತಪ್ಪಲ್ಲ. ಆದರೆ ಹೊಳೆಯುತ್ತಿದ್ದುದು ಕಾಗೆಬಂಗಾರ. ಬಿಸಿಲು-ಮಳೆಗೆ ಸವೆದ ಕಪ್ಪು ಅಭ್ರಕ ಹೊಂಬಣ್ಣ ತಾಳುತ್ತದೆ. ಹಾಗೆ ತಿಳಿಸಿ, ಇಟ್ಟುಬಿಡಪ್ಪ ಎಂದೆ. ಅವನು ಮೆಲ್ಲಗೆ ಅಂದ:

“ನೀವೂ ತಂದೀರಲ್ರಿ ಸರ್, ಕಪಾಟಿನ್ಯಾಗ ಐತಲ್ಲ?”

ಉಳಿದ ಮಕ್ಕಳೆಲ್ಲ ನನ್ನ ಮುಖ ನೋಡಿದರು. ಗದರಿಸಿ ಸುಮ್ಮನಾಗಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. “ಹೌದಪ್ಪ, ತಂದೆ. ತಪ್ಪು ಮಾಡಿದೆ. ಅದು ಗಡ್ಡೆಯ ಯಾವ ಬಂಡೆಯದು, ಅದರ ಪಟ್ಟೆ ಯಾವ ದಿಕ್ಕಿಗಿತ್ತು ಎಂದು ಕೇಳಿದರೆ ನನಗೀಗ ಗೊತ್ತಿಲ್ಲ. ಅಂಟಿಸಿದ್ದ ಚೀಟಿಯೂ ಉದುರಿಹೋಗಿದೆ. ಇಲ್ಲಿದ್ದಾಗ ಅದು ಪುಸ್ತಕದ ಹಾಳೆಯಾಗಿತ್ತು. ಕಪಾಟಿನಲ್ಲಿ ಬರೀ ಕಲ್ಲು” ಎಂದೆ.

ಹುಡುಗ ಇಡಲು ಹೋದ. ಎರಡು ಹೆಜ್ಜೆ ಅತ್ತ, ನಾಲ್ಕು ಹೆಜ್ಜೆ ಇತ್ತ. “ಎಲ್ಲಿಂದ ತಗೊಂಡಿದ್ನೋ ನೆನಪಾಗವಲ್ದ್ರಿ” ಎಂದ. ಒಂದು ತಾಸಿನೊಳಗೆ ಮರೆತಿತ್ತು! ಅಂದಾಜಿನ ಮೇಲೆ ಒಂದು ಕಡೆ ಇಟ್ಟು ಬಂದ. ನಾನು ಹೇಳಬೇಕೆಂದಿದ್ದ ಪಾಠವನ್ನು ಅವನೇ ಹೇಳಿದಂತಾಯಿತು.

ಪಾಲಕರು ಮಕ್ಕಳನ್ನು ಇಂಥ ಜಾಗಗಳಿಗೆ ಖಂಡಿತ ಕರೆದೊಯ್ಯಬೇಕು. ಒಬ್ಬರು ಒಂದೇ ಕಲ್ಲು ಒಯ್ದರೆ ಏನು ಮಹಾ ಎನ್ನಬೇಡಿ. ಪ್ರತಿಯೊಬ್ಬರೂ ಹಾಗೆಯೇ ಅಂದುಕೊಳ್ಳುತ್ತಾರೆ. ಮೊದಲು ಮಾಯವಾಗುವುದು ಚೆಂದದ, ಹೊಳೆಯುವ ಕಲ್ಲುಗಳೇ. ನಿಮ್ಮ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ಗಾತ್ರ ತಿಳಿಯಲು ಪಕ್ಕದಲ್ಲೊಂದು ನಾಣ್ಯವಿಡಿ, ದಿಕ್ಕು ಬರೆದುಕೊಳ್ಳಿ. ಬರುವಾಗ ನಾಣ್ಯವನ್ನು ತನ್ನಿ, ಕಲ್ಲನ್ನಲ್ಲ.

ಮರುದಿನ ಕಪಾಟಿನ ಕಲ್ಲಿಗೆ ಹೊಸ ಚೀಟಿ ಅಂಟಿಸಿದೆ: ‘ಜಲದುರ್ಗ. ಯಾವ ಬಂಡೆಯದೆಂದು ಗೊತ್ತಿಲ್ಲ. ಒಡೆದು ತಂದವರು ವಿಜ್ಞಾನ ಶಿಕ್ಷಕರು.’ ಆ ಹುಡುಗ ಅದನ್ನು ಓದಿ ನಕ್ಕ. ನಾನೂ ನಕ್ಕೆ.