ಕೊನೆಯ ಕಾರಿನ ದನಿ

ನಾಲ್ಕು ಕಾರುಗಳು ಒಂದೇ ಊರಿಗೆ ಹೊರಟರೆ ನಾಲ್ಕು ದಾರಿ ಹಿಡಿಯುವುದು ಲೋಕರೂಢಿ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಟ್ಟ ಇಳಿಯುವಾಗ ಮೊಬೈಲು ಮೂಕವಾದರೆ ಗತಿಯೇನು? ಈ ಚಿಂತೆಯಿಂದ ನಮ್ಮ ಗೆಳೆಯರ ಗುಂಪು ವಾಕಿಟಾಕಿ ಕೊಳ್ಳಲು ನಿಶ್ಚಯಿಸಿತು. ಆಯ್ಕೆಯ ಭಾರ ನನ್ನ ಪಾಲಿಗೆ ಬಂತು.

“ಎಷ್ಟು ಕಿಲೋಮೀಟರು ಕೇಳಿಸುತ್ತದೆ?” ಎಂಬುದೊಂದೇ ಎಲ್ಲರ ಪ್ರಶ್ನೆ. ಆದರೆ ಡಬ್ಬದ ಮೇಲೆ ಅಚ್ಚಾದ ದೂರವು ಬಯಲಿನ ಲೆಕ್ಕ. ಈ ತರಂಗಗಳು ಹೆಚ್ಚುಕಡಿಮೆ ನಮ್ಮ ದೃಷ್ಟಿಯಂತೆ ನೇರವಾಗಿ ಸಾಗುವಂಥವು. ಗುಡ್ಡ ಅಡ್ಡ ಬಂದರೆ ಆ ದೂರವೆಲ್ಲ ಕರಗಿಹೋಗುತ್ತದೆ. ಕಾರಿನ ಲೋಹದ ಮೈಯೂ ತನ್ನ ಸುಂಕ ವಸೂಲು ಮಾಡದೆ ಬಿಡದು. ಇನ್ನು ಕಾನೂನಿನ ಮಾತು. 2018ರ ನಿಯಮಗಳಂತೆ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಅಲ್ಪಶಕ್ತಿಯ ಸೆಟ್ಟುಗಳಿಗೆ ಪರವಾನಗಿ ಬೇಡ. ಆದರೆ ಆ ಮಾದರಿಗೆ ಸರಕಾರದ ಅನುಮೋದನೆ ಇರಬೇಕು. ನಿಯಮ ನ್ಯಾಯವಾದುದೇ. ಪೊಲೀಸರ ಮಾತಿನ ನಡುವೆ ನಮ್ಮ ಹರಟೆ ತೂರಿದರೆ ಯಾರಿಗೆ ಹಿತ?

ನಾನು ಅಲ್ಪಶಕ್ತಿಯ ಸೆಟ್ಟನ್ನೇ ಆರಿಸಿದೆ. ಮೂಗು ಮುರಿದವರಿಗೆ ನನ್ನ ಉತ್ತರ ಇಷ್ಟೆ: ಮುಂದಿನವನು ಎಷ್ಟು ದೂರ ಕೂಗಬಲ್ಲನೆಂಬುದು ಮುಖ್ಯವಲ್ಲ, ಕೊನೆಯವನಿಗೆ ಕೇಳಿಸುವಷ್ಟು ಹತ್ತಿರ ಉಳಿಯುವನೇ ಎಂಬುದು ಮುಖ್ಯ. ಹಿಂದಿನ ದನಿ ಕ್ಷೀಣಿಸಿತೆಂದರೆ ಮುಂದಿನ ಕಾರು ನಿಧಾನಿಸಬೇಕು. ಸೆಟ್ಟು ಚಾಲಕನ ಕೈಯಲ್ಲಿ ಬೇಡ, ಪಕ್ಕದವನ ಕೈಯಲ್ಲಿರಲಿ.

ಈ ಯಂತ್ರದಲ್ಲಿ ನಾನು ಮೆಚ್ಚಿದ ಗುಣವೊಂದಿದೆ. ಗುಂಡಿ ಒತ್ತಿ ಮಾತಾಡುವಾಗ ಇತರರ ಮಾತು ಕೇಳಿಸದು. ಕೇಳಬೇಕೆಂದರೆ ಗುಂಡಿ ಬಿಡಲೇಬೇಕು. ನಮ್ಮ ಚರ್ಚಾಕೂಟದ ಭಾಷಣಕಾರರಿಗೂ ಇಂಥದೊಂದು ಗುಂಡಿ ಇದ್ದಿದ್ದರೆ!