ಕಸ್ತೂರಿ ಡಬ್ಬಿ ಖಾಲಿಯಾದ ಕಾಲ

ಮೈಸೂರಿನ ಊದುಬತ್ತಿ ಕಾರ್ಖಾನೆಗಳಿಗೆ ಸೆಂಟಿನ ಕಾಂಪೌಂಡ್ ಕೂಡಿಸುತ್ತಲೇ ಮುಪ್ಪಾದ ಹಿರಿಯರೊಬ್ಬರಿದ್ದಾರೆ. 1960ರ ದಶಕದಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ಅವರು ಗ್ರಂಧಿಗೆ ಅಂಗಡಿಯೊಂದರಲ್ಲಿ ಪೊಟ್ಟಣ ಕಟ್ಟುತ್ತಿದ್ದರು. ಬಜೆ, ಹಿಪ್ಪಲಿ, ಜಾಯಿಕಾಯಿಯನ್ನೆಲ್ಲ ಹುಡುಗರು ಮುಟ್ಟಬಹುದಿತ್ತು. ಕಸ್ತೂರಿ ಮಾತ್ರ ಶೆಟ್ಟರ ಗಲ್ಲಾಪೆಟ್ಟಿಗೆಯೊಳಗಿನ ತಗಡಿನ ಡಬ್ಬಿಯಲ್ಲಿ ಭದ್ರವಾಗಿರುತ್ತಿತ್ತು. ಗಿರಾಕಿ ಬಂದರೆ ಶೆಟ್ಟರೇ ಫ್ಯಾನು ನಿಲ್ಲಿಸಿ, ಚಿನ್ನ ತೂಗುವ ತಕ್ಕಡಿ ಇಳಿಸುತ್ತಿದ್ದರು. ಗ್ರಾಂ ಲೆಕ್ಕ ಬಂದು ವರ್ಷಗಳಾಗಿದ್ದರೂ ಕಸ್ತೂರಿಯ ವ್ಯಾಪಾರ ನಡೆಯುತ್ತಿದ್ದುದು ತೊಲ, ಗುಲಗಂಜಿಯಲ್ಲೇ.

ಇಡೀ ಗಡ್ಡೆ ಬಂದ ದಿನ ಅಂಗಡಿಯಲ್ಲಿ ಬೇರೆ ಕೆಲಸ ಸಾಗುತ್ತಿರಲಿಲ್ಲ. ನಿಂಬೆಹಣ್ಣಿನಷ್ಟು ದೊಡ್ಡ ಚರ್ಮದ ಚೀಲ ಅದು. ಒಂದು ಕಡೆ ಬೋಳು, ಇನ್ನೊಂದು ಕಡೆ ನಡುವಿನ ಸಣ್ಣ ತೂತಿನ ಸುತ್ತ ಸುಳಿಯಾಗಿ ಮಲಗಿದ ಒರಟು ಕೂದಲು. ಕೊಯ್ದರೆ ಒಳಗೆ ಕಪ್ಪುಗೆಂಪಿನ, ಬೆರಳಿಗೆ ಜಿಡ್ಡು ಹತ್ತುವ ಕಾಳುಗಳು. ಮೊದಲ ಸಲ ಮೂಸಿದಾಗ ಆ ಹುಡುಗನಿಗೆ ಅದು ಪರಿಮಳವೆಂದೇ ಅನ್ನಿಸಲಿಲ್ಲ. ಮೂತ್ರದ ಘಾಟು ಮೂಗಿಗೆ ರಾಚಿತ್ತು. ಅದೇ ಕಾಳನ್ನು ಪನ್ನೀರಿನಲ್ಲಿ ತೇದು, ತೆಳುವಾಗಿಸಿ, ಮಾಗಲು ಬಿಟ್ಟ ಮೇಲೆ ಘಾಟು ಇಳಿದು, ಬೆಚ್ಚಗಿನ ಸಿಹಿ ಕಂಪೊಂದು ಮೇಲೆದ್ದಿತು. ಕಸ್ತೂರಿಯ ನಿಜವಾದ ಬೆಲೆ ಇರುವುದು ಅದು ಜೊತೆಯ ಗುಲಾಬಿಯನ್ನೋ ಮಲ್ಲಿಗೆಯನ್ನೋ ಬೇಗ ಹಾರಿಹೋಗದಂತೆ ಹಿಡಿದಿಡುವುದರಲ್ಲಿ.

ಬೆಲೆ ಇದ್ದಲ್ಲಿ ಕಲಬೆರಕೆಯೂ ಇತ್ತು. ಒಣಗಿದ ರಕ್ತವನ್ನು ತುಂಬುತ್ತಿದ್ದರು, ತೂಕ ಬರಲೆಂದು ಸೀಸದ ಚೂರು ತುರುಕುತ್ತಿದ್ದರು. ಇಂಗಿನಲ್ಲಿ ಎಳೆದ ದಾರವನ್ನು ಸೂಜಿಗೆ ಪೋಣಿಸಿ ಗಡ್ಡೆಯೊಳಗಿಂದ ಹಾಯಿಸುವುದು ಹಳಬರ ಪರೀಕ್ಷೆ: ಇಂಗಿನ ವಾಸನೆ ಅಳಿದರೆ ಮಾಲು ಅಸಲಿ.

ಕೊಳ್ಳುವವರು ಆಯುರ್ವೇದದ ಪಂಡಿತರು, ದೇವಸ್ಥಾನದವರು, ಮಗುವಿಗೆ ನೆಗಡಿಯಾದಾಗ ಕಸ್ತೂರಿ ಮಾತ್ರೆ ಮಾಡಿಸುವ ಮನೆಯವರು. ಊದುಬತ್ತಿಯವರು ಅಪರೂಪ, ಅದೂ ವಿಶೇಷ ಬತ್ತಿಗೆ ಚಿಟಿಕೆಯಷ್ಟು. ಒಂದು ಗಂಡು ಕಸ್ತೂರಿ ಮೃಗದಿಂದ ಸಿಗುವುದು ಸುಮಾರು 25 ಗ್ರಾಂ. ಹಿಮಾಲಯದ ಕಾಡುಗಳಲ್ಲಿ ಇದಕ್ಕಾಗಿ ಒಡ್ಡುವ ಉರುಲಿಗೆ ಗಂಡು ಯಾವುದು, ಹೆಣ್ಣು ಯಾವುದು, ಮರಿ ಯಾವುದು ಎಂಬ ಭೇದವಿಲ್ಲ. ಗಡ್ಡೆಯಿಲ್ಲದ ಎಷ್ಟೋ ಪ್ರಾಣಿಗಳು ಸುಮ್ಮನೆ ಸಾಯುತ್ತಿದ್ದವು. ಅಂಗಡಿಯಲ್ಲಿ ಇದನ್ನು ಯಾರೂ ಆಡುತ್ತಿರಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, ಕಸ್ತೂರಿ ಮೃಗ ಮೊದಲ ಅನುಸೂಚಿಗೆ ಸೇರಿತು. ಡಬ್ಬಿ ಖಾಲಿಯಾಯಿತು.

ಆದರೆ ಊದುಬತ್ತಿಯವರು ಚಿಂತೆ ಮಾಡಲಿಲ್ಲ. ಅವರ ಕಸ್ತೂರಿ ಅಷ್ಟರಲ್ಲಾಗಲೇ ಡ್ರಮ್ಮುಗಳಲ್ಲಿ ಬರುತ್ತಿತ್ತು. 1888ರಲ್ಲಿ ಆಲ್ಬರ್ಟ್ ಬೌರ್ ಎಂಬ ರಸಾಯನವಿಜ್ಞಾನಿ ಟಿಎನ್‌ಟಿ ಬಗೆಯ ಸ್ಫೋಟಕಗಳ ಮೇಲೆ ಕೆಲಸ ಮಾಡುತ್ತಿದ್ದಾಗ, ತಯಾರಾದ ವಸ್ತುವೊಂದು ಕಸ್ತೂರಿಯಂತೆ ಘಮಘಮಿಸಿತು. ಆ ವಂಶದಲ್ಲೇ ಮಸ್ಕ್ ಜೈಲೀನ್, ಮಸ್ಕ್ ಕೀಟೋನ್, ಮಸ್ಕ್ ಆಂಬ್ರೆಟ್ ಹುಟ್ಟಿದವು. ಗ್ರಂಧಿಗೆ ಅಂಗಡಿ ಬಿಟ್ಟು ಕಾಂಪೌಂಡ್ ಕೆಲಸಕ್ಕೆ ಸೇರಿದ ನಮ್ಮ ಹಿರಿಯರು ಕಂಡದ್ದು ಇವನ್ನೇ: ತಿಳಿಹಳದಿ ಹರಳುಗಳು, ಗುಲಗಂಜಿಯ ಬದಲು ಕಿಲೋಗಟ್ಟಲೆ. ಇದ್ದಿಲ ಪುಡಿ, ಜಿಗಟು, ಹಾಲುಮಡ್ಡಿ ಕಲಸಿ ಹೊಸೆದ ಬತ್ತಿಗೆ ಇವುಗಳಿಂದ ಅಗ್ಗದಲ್ಲೇ ಮೈತುಂಬಿದ ಪರಿಮಳ ಬಂತು. ಮಸ್ಕ್ ಆಂಬ್ರೆಟ್ ಎಂದರೆ ಅವರಿಗೆ ವಿಶೇಷ ಪ್ರೀತಿ. ಹೂವಿನ ಸೆಂಟಿಗೆ ಅದು ಹೊಂದುತ್ತಿದ್ದ ಹಾಗೆ ಬೇರೆ ಯಾವುದೂ ಹೊಂದುತ್ತಿರಲಿಲ್ಲ ಎಂದು ಈಗಲೂ ಹೇಳುತ್ತಾರೆ.

ಆ ಪ್ರೀತಿಯ ವಸ್ತುವೇ ಮೊದಲು ಹೋಯಿತು. ಅದನ್ನು ಹಚ್ಚಿದ ಚರ್ಮ ಬಿಸಿಲಿಗೆ ಕೆರಳುವುದು, ಅದು ನರಗಳಿಗೆ ಹಾನಿ ಮಾಡುವುದು ಗೊತ್ತಾಗಿ, 1995ರಲ್ಲಿ ಯುರೋಪ್ ಸೌಂದರ್ಯವರ್ಧಕಗಳಲ್ಲಿ ಅದನ್ನು ನಿಷೇಧಿಸಿತು. ಅದಕ್ಕೂ ಮುಂಚೆ, 1981ರಲ್ಲಿ, ಜಪಾನಿನ ತಾಮಾ ನದಿಯ ಮೀನುಗಳಲ್ಲಿ ಮಸ್ಕ್ ಜೈಲೀನ್ ಸಿಕ್ಕಿತ್ತು. ನೀರಿಗೆ ಸೇರಿದರೆ ಕರಗಿಹೋಗದೆ ಜೀವಿಗಳ ಕೊಬ್ಬಿನಲ್ಲಿ ಉಳಿಯುವ ವಸ್ತುವದು. 2014ರಿಂದ ಯುರೋಪಿನಲ್ಲಿ ಅದನ್ನು ವಿಶೇಷ ಅನುಮತಿಯಿಲ್ಲದೆ ಬಳಸುವಂತಿಲ್ಲ. ರಫ್ತಿನ ಗಿರಾಕಿಗಳು 'ಇದು ಇಲ್ಲವೆಂದು ಬರೆದುಕೊಡಿ' ಎನ್ನತೊಡಗಿದಾಗ ಹಿರಿಯರು ಹಳೆಯ ಲೆಕ್ಕದ ಪುಸ್ತಕ ತೆಗೆದು, ಒಂದೊಂದೇ ಕಾಂಪೌಂಡನ್ನು ಹೊಸದಾಗಿ ಕೂಡಿಸಬೇಕಾಯಿತು. ಹರಳುಗಳ ಜಾಗಕ್ಕೆ ಗ್ಯಾಲಕ್ಸೊಲೈಡ್ ಎಂಬ ಮಂದವಾದ, ಬಣ್ಣವಿಲ್ಲದ ದ್ರವ ಬಂತು. ಅದೂ ನದಿಗಳಲ್ಲಿ ಪತ್ತೆಯಾಗುತ್ತಿರುವುದರಿಂದ ಅದನ್ನೇ ಕೊನೆಯ ಉತ್ತರ ಎನ್ನುವಂತಿಲ್ಲ.

ಅಸಲಿ ಕಸ್ತೂರಿಗೆ ಹತ್ತಿರದ ದಾರಿ ಬೇರೆಯೇ ಇತ್ತು. ಅದರ ಜೀವಾಳವಾದ ಮಸ್ಕೋನ್ 1906ರಲ್ಲೇ ಬೇರ್ಪಟ್ಟಿತ್ತು. ಅದು ಇಂಗಾಲದ 15 ಪರಮಾಣುಗಳ ದೊಡ್ಡ ಉಂಗುರವೆಂದು 1926ರಲ್ಲಿ ತೋರಿಸಿದ ಲಿಯೊಪೋಲ್ಡ್ ರುಜಿಚ್ಕಾ ಅವರಿಗೆ 1939ರ ನೊಬೆಲ್ ಬಹುಮಾನ ಬಂತು. ಇಂಥದೇ ಉಂಗುರದ ಅಣು ನಮ್ಮ ಕಸ್ತೂರಿ ಬೆಂಡೆಯ ಬೀಜದಲ್ಲೂ ಇದೆ. ಈ ಬಗೆಯ ಮಸ್ಕುಗಳನ್ನು ಈಗ ಕಾರ್ಖಾನೆಗಳಲ್ಲಿ ತಯಾರಿಸುತ್ತಾರೆ. ಅವು ಮೃಗವನ್ನು ಕೊಲ್ಲದೆ ಬಂದ ಒಳ್ಳೆಯ ಪರಿಮಳಗಳು. ಅವುಗಳ ಹೆಸರನ್ನು ಪೊಟ್ಟಣದ ಮೇಲೆ ಬರೆಯಲು ಊದುಬತ್ತಿಯವರು ನಾಚಬೇಕಿಲ್ಲ.

ಅಸಲಿ ಗಡ್ಡೆ ಎಂದು ಗುಟ್ಟಾಗಿ ಮಾರುವವರು ಇಂದಿಗೂ ಎದುರಾಗುತ್ತಾರೆ. ಅದು ನಕಲಿಯಾದರೆ ಮೋಸ, ನಿಜವಾದರೆ ಮೂರರಿಂದ ಏಳು ವರ್ಷ ಸೆರೆವಾಸದ ಅಪರಾಧ. ದೇವರ ಹೆಸರಿನಲ್ಲಾಗಲಿ, ಔಷಧಿಯ ಹೆಸರಿನಲ್ಲಾಗಲಿ, ದಯವಿಟ್ಟು ಕೊಳ್ಳಬೇಡಿ.